ನೀರಿನ ಕಡೆಗೊಂದು ಬಾಗಿಲು

ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿಗೆ ಯಾರೋ ಒಂದು ರೀಲ್ ಹಾಕಿದರು. ಚೀನಾದ ಯಾವುದೋ ಕಾಲುವೆ ಪಟ್ಟಣ. ಕಮಾನು ಸೇತುವೆ, ಕೆಂಪು ಲಾಂದ್ರ, ದೋಣಿ ನಡೆಸುವ ಹೆಂಗಸು, ಹಿನ್ನೆಲೆಯಲ್ಲಿ ಕೊಳಲು. ಕೆಳಗೆ ಒಂದು ಸಾಲು: "ನಮ್ಮ ಬಕಿಂಗ್‌ಹ್ಯಾಮ್ ಕಾಲುವೆ ಯಾಕೆ ಹೀಗಾಗಬಾರದು?" ಅಷ್ಟೇ, ರಾತ್ರಿಯೆಲ್ಲ ಚರ್ಚೆ. ಸರ್ಕಾರ ಸರಿಯಿಲ್ಲ, ಜನ ಸರಿಯಿಲ್ಲ, ಶಿಸ್ತಿಲ್ಲ. ಕೊನೆಗೆ ಮೂರನೇ ಮಹಡಿಯ ನಿವೃತ್ತ ಪಿಡಬ್ಲ್ಯುಡಿ ಎಂಜಿನಿಯರ್ ಒಬ್ಬರು ಬರೆದರು: "ಭಾನುವಾರ ಬೆಳಗ್ಗೆ ಆರಕ್ಕೆ ಗೇಟಿನ ಹತ್ತಿರ ಬನ್ನಿ. ಕಾಲುವೆ ತೋರಿಸುತ್ತೇನೆ." ಗುಂಪಿನಲ್ಲಿ ಇರುವವರು ಇನ್ನೂರ ಹತ್ತು ಜನ, ಗೇಟಿಗೆ ಬಂದವರು ಆರು.

ನನಗೆ ಹೋಗಲು ಬೇರೆಯೇ ಒಂದು ಕಾರಣವಿತ್ತು. 2018ರಲ್ಲಿ ಆಫೀಸಿನ ಕೆಲಸಕ್ಕೆ ಎರಡು ವಾರ ಶಾಂಘೈಗೆ ಹೋಗಿದ್ದಾಗ ಒಂದು ಶನಿವಾರ ಗೈಡ್ ಜೊತೆಗಿನ ಒಂದು ದಿನದ ಪ್ರವಾಸ ಹಿಡಿದು ಸುಝೌ ಮತ್ತು ತೊಂಗ್ಲಿ ನೋಡಿಬಂದಿದ್ದೆ. ಶಾಂಘೈನಿಂದ ಸುಮಾರು ನೂರು ಕಿಲೋಮೀಟರ್. ಗೈಡ್ ಹುಡುಗಿಯ ಕೈಯಲ್ಲಿ ಹಳದಿ ಬಾವುಟ, ನಮ್ಮೆಲ್ಲರ ಎದೆಗೆ ಹಳದಿ ಸ್ಟಿಕ್ಕರ್. ಮೊದಲು ಉದ್ಯಾನ, ಆಮೇಲೆ ರೇಷ್ಮೆ ಕಾರ್ಖಾನೆ, ಊಟ, ಕಾಲುವೆ ಪಟ್ಟಣ, ವಾಪಸ್. ರೇಷ್ಮೆ ಕಾರ್ಖಾನೆ ಎಂದರೆ ರಜಾಯಿ ಮಾರುವ ಅಂಗಡಿ ಎಂದು ತಿಳಿದುಕೊಳ್ಳಿ. ಅಲ್ಲಿ ಗೂಡು ಬಿಡಿಸಿ ತೋರಿಸುವಾಗ ಉಳಿದವರೆಲ್ಲ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ನಾನು ಮಂಡ್ಯ ಜಿಲ್ಲೆಯವನು. ನಮ್ಮ ದೊಡ್ಡಪ್ಪನ ಮನೆಯ ಪಡಸಾಲೆಯಲ್ಲಿ ಚಂದ್ರಿಕೆಗಳ ನಡುವೆ ಜಾಗ ಮಾಡಿಕೊಂಡು ಮಲಗಿ ಬೆಳೆದವನು. ಹುಳ ಸೊಪ್ಪು ತಿನ್ನುವ ಸದ್ದು ಹೇಗಿರುತ್ತದೆ ಎಂದು ನಾನೇ ಗೈಡ್‌ಗೆ ವಿವರಿಸಿದೆ. ಅವಳಿಗೆ ಅದು ಹಿಡಿಸಲಿಲ್ಲ.

ಸುಝೌದ ಉದ್ಯಾನಗಳ ಕಥೆ ಮಾತ್ರ ಚೆನ್ನಾಗಿದೆ. ಅವು ಯುನೆಸ್ಕೋ ಪಟ್ಟಿಗೆ ಸೇರಿದ್ದು 1997ರಲ್ಲಿ. ಬಹುಪಾಲು ರಾಜರು ಕಟ್ಟಿದವಲ್ಲ, ಕೆಲಸ ಬಿಟ್ಟ ಅಥವಾ ಕೆಲಸ ಕಳೆದುಕೊಂಡ ಅಧಿಕಾರಿಗಳು ಕಟ್ಟಿದವು. ಎಲ್ಲಕ್ಕಿಂತ ದೊಡ್ಡದು ಹದಿನಾರನೇ ಶತಮಾನದ ಆರಂಭದಲ್ಲಿ ವಾಂಗ್ ಶಿಯಾನ್‌ಚೆನ್ ಎಂಬ ಮಿಂಗ್ ಕಾಲದ ಅಧಿಕಾರಿ ಮಾಡಿಸಿದ್ದು. ಅದರ ಹೆಸರಿನ ಭಾವ ಹೆಚ್ಚುಕಡಿಮೆ ಹೀಗೆ: ತರಕಾರಿ ಬೆಳೆದು ಮಾರುವುದೇ ನನ್ನಂಥ ದಡ್ಡನ ಆಡಳಿತ. ತೊಂಗ್ಲಿಯಲ್ಲಿರುವುದು 1885ರಿಂದ 87ರ ನಡುವೆ ಕಟ್ಟಿದ್ದು. ಹುದ್ದೆಯಿಂದ ವಜಾ ಆದ ರೆನ್ ಲಾನ್‌ಶೆಂಗ್ ಎಂಬಾತ ಊರಿಗೆ ಮರಳಿ ಕಟ್ಟಿಸಿದ. ಹೆಸರೇ "ಹಿಂದೆ ಸರಿದು ಯೋಚಿಸುವ ತೋಟ". ಸಕಲೇಶಪುರದಲ್ಲಿ ಎರಡೆಕರೆ ಕೊಂಡು ರಾಜೀನಾಮೆ ಕೊಡುತ್ತೇನೆ ಎಂದು ಪ್ರತಿ ಅಪ್ರೈಸಲ್ ಮುಗಿದ ಮೇಲೆ ಹೇಳುವ ನನ್ನ ಗೆಳೆಯರಿಗೆ ಈ ಮಹಾಶಯರ ಪರಿಚಯ ಆಗಬೇಕು.

ಆದರೆ ಆ ದಿನ ನನ್ನ ಮನಸ್ಸಿನಲ್ಲಿ ಉಳಿದದ್ದು ತೋಟವಲ್ಲ, ಬಾಗಿಲು. ಸುಝೌದಲ್ಲಿ 1229ರಲ್ಲಿ ಕಲ್ಲಿನ ಮೇಲೆ ಕೆತ್ತಿದ ಊರಿನ ನಕ್ಷೆಯೊಂದಿದೆ. ಅದರಲ್ಲಿ ಬೀದಿಗಳದ್ದೊಂದು ಜಾಲ, ಕಾಲುವೆಗಳದ್ದೊಂದು ಜಾಲ, ಒಂದರ ಪಕ್ಕ ಇನ್ನೊಂದು. ಹಳೆಯ ಮನೆಗಳಿಗೆ ಎರಡು ಬಾಗಿಲು. ಒಂದು ಬೀದಿಗೆ, ಒಂದು ನೀರಿಗೆ. ನೀರಿನ ಬಾಗಿಲಿನಿಂದ ನಾಲ್ಕೈದು ಕಲ್ಲು ಮೆಟ್ಟಿಲು ಇಳಿದರೆ ಕಾಲುವೆ. ತೊಂಗ್ಲಿಯಲ್ಲಿ ಒಬ್ಬ ಅಜ್ಜಿ ಅಂಥ ಮೆಟ್ಟಿಲ ಮೇಲೆ ಕೂತು ನೆಲ ಒರೆಸುವ ಬಟ್ಟೆ ಜಾಲಿಸುತ್ತಿದ್ದರು. ಇಪ್ಪತ್ತು ಕ್ಯಾಮೆರಾ ಅವರ ಕಡೆ ತಿರುಗಿದ್ದವು. ನೀರು ಅಲ್ಲೂ ತಿಳಿಯಾಗಿರಲಿಲ್ಲ, ಪಾಚಿ ಹಸಿರು. ರೀಲ್‌ಗಳಲ್ಲಿ ಅದು ಬರುವುದಿಲ್ಲ. ಅರ್ಧ ಮನೆಗಳು ಅಂಗಡಿಗಳಾಗಿದ್ದವು, ಊರೊಳಗೆ ಹೋಗಲು ಟಿಕೆಟ್ ಬೇರೆ.

ಈಗ ನಮ್ಮ ಭಾನುವಾರಕ್ಕೆ ಬರೋಣ. ಎಂಜಿನಿಯರ್ ಸಾರ್ (ಅವರು ನನ್ನನ್ನು "ತಂಬಿ" ಅನ್ನುತ್ತಾರೆ, ನನಗೆ ನಲವತ್ತು ಹತ್ತಿರ ಬಂದಿದ್ದರೂ) ನಮ್ಮನ್ನು ತಿರುವಾನ್ಮಿಯೂರಿನಲ್ಲಿ ಎಂಆರ್‌ಟಿಎಸ್ ರೈಲು ಹತ್ತಿಸಿದರು. "ಕಿಟಕಿಯಿಂದ ಕೆಳಗೆ ನೋಡಿ, ಫೋನ್ ನೋಡಬೇಡಿ" ಎಂದರು. ನೀವು ಆ ರೈಲಿನಲ್ಲಿ ಓಡಾಡಿದ್ದರೆ ಗೊತ್ತಿರುತ್ತದೆ, ಬಹುದೂರ ಅದು ಕಾಲುವೆಯ ಜೊತೆಗೇ, ಕೆಲವು ಕಡೆ ಕಾಲುವೆಯ ಮೇಲೇ ಹೋಗುತ್ತದೆ. ಭೂಸ್ವಾಧೀನದ ರಗಳೆ ಬೇಡವೆಂದು ಕಾಲುವೆಯ ಪಾತ್ರದಲ್ಲೇ ಕಂಬ ನಿಲ್ಲಿಸಿದರು. ಮೈಲಾಪುರದವರೆಗಿನ ಮಾರ್ಗ 1997ರಲ್ಲಿ ಬಂತು, ವೇಳಚೇರಿವರೆಗೆ 2007ರಲ್ಲಿ. ದೋಣಿ ಹೋಗುತ್ತಿದ್ದ ಅಗಲದಲ್ಲಿ ಈಗ ಕಂಬ, ಕಂಬದ ಬುಡದಲ್ಲಿ ಹೂಳು, ಹೂಳಿನ ಮೇಲೆ ಪ್ಲಾಸ್ಟಿಕ್. ಚೆನ್ನೈ ಜನ ಇದನ್ನೂ "ಕೂವಂ" ಎಂದೇ ಕರೆಯುತ್ತಾರೆ. ಕೂವಂ ಬೇರೆ ನದಿ. ಆದರೆ ಇಲ್ಲಿ ಕಪ್ಪಗೆ ನಾರುವ ನೀರಿಗೆಲ್ಲ ಅದೇ ಹೆಸರು.

ಮೈಲಾಪುರದಲ್ಲಿ ಇಳಿದು ಸೇತುವೆಯ ಮೇಲೆ ನಿಂತು ಸಾರ್ ಚರಿತ್ರೆ ಹೇಳಿದರು. ಆರಂಭ ಬೇಸಿಲ್ ಕಾಕ್ರೇನ್ ಎಂಬ ಖಾಸಗಿ ವ್ಯಾಪಾರಿಯದು. 1806ರ ಹೊತ್ತಿಗೆ ಮದರಾಸಿನಿಂದ ಎಣ್ಣೂರಿಗೆ ಕಾಲುವೆ ಆಯಿತು. 1837ರಲ್ಲಿ ಸರ್ಕಾರ ವಹಿಸಿಕೊಂಡು ಉತ್ತರಕ್ಕೂ ದಕ್ಷಿಣಕ್ಕೂ ಬೆಳೆಸಿತು. ಆಂಧ್ರದ ಪೆದ್ದಗಂಜಾಂನಿಂದ ಇಲ್ಲಿಯ ಮರಕ್ಕಾಣಂವರೆಗೆ 421 ಕಿಲೋಮೀಟರ್. ಚೀನಾದವರ ಮಹಾ ಕಾಲುವೆ ಬೀಜಿಂಗ್‌ನಿಂದ ಹಾಂಗ್‌ಝೌಗೆ ಸುಮಾರು 1,800 ಕಿಲೋಮೀಟರ್, ಅದರ ಮುಂದೆ ಇದು ಮರಿ. ಆದರೂ ಉಪ್ಪು, ಸರ್ವೆ ಸೌದೆ, ಅಕ್ಕಿ, ಸುಣ್ಣದ ಚಿಪ್ಪು ಎಲ್ಲ ಇದರಲ್ಲೇ ತೇಲಿ ಬಂದು ಈ ಊರನ್ನು ಸಾಕಿದ್ದವು. ಮೈಲಾಪುರದಲ್ಲಿ ಇವತ್ತಿಗೂ "ತಣ್ಣೀರ್‌ತುರೈ" ಎಂಬ ಮಾರುಕಟ್ಟೆ ಇದೆ. ತುರೈ ಎಂದರೆ ನೀರಿಗೆ ಇಳಿಯುವ ಕಡೆ, ದೋಣಿ ನಿಲ್ಲುವ ಕಡೆ. ಹೆಸರು ಉಳಿದಿದೆ, ಇಳಿಯಲು ನೀರಿಲ್ಲ.

ನಗರದೊಳಗಿನ ಭಾಗ, ಅಂದರೆ ಅಡ್ಯಾರ್ ನದಿಯನ್ನೂ ಕೂವಂ ನದಿಯನ್ನೂ ಕೂಡಿಸುವ ಸುಮಾರು ಎಂಟು ಕಿಲೋಮೀಟರ್, ತೋಡಿದ್ದು 1877-78ರಲ್ಲಿ. ಆ ವರ್ಷ ಕೇಳಿ ನಾನು ಸ್ವಲ್ಪ ಹೊತ್ತು ಸುಮ್ಮನಾದೆ. ಅದು ನಮ್ಮ ಕಡೆ ಹಳಬರು "ಧಾತು ಈಶ್ವರ" ಎನ್ನುತ್ತಿದ್ದ ಬರ. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದಲ್ಲಿ ಸುಮಾರು 50 ಲಕ್ಷ ಜನ, 1881ರಲ್ಲಿ 42 ಲಕ್ಷ. ಮದರಾಸು ಪ್ರಾಂತ್ಯದಲ್ಲೂ ಅದೇ ಬರ, ಇಲ್ಲಿ ಅದಕ್ಕೆ "ತಾತು ವರುಷ ಪಂಜಂ" ಎಂದು ಹೆಸರು. ಹಸಿದು ಪಟ್ಟಣಕ್ಕೆ ಬಂದವರ ಕೈಗೆ ಪರಿಹಾರ ಕಾಮಗಾರಿಯ ಹೆಸರಲ್ಲಿ ಗುದ್ದಲಿ ಕೊಟ್ಟು ಈ ಕಾಲುವೆ ತೆಗೆಸಿದರು. ಆ ಬರದ ಕಾಮಗಾರಿಗಳಲ್ಲಿ ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ ನಿಗದಿ ಮಾಡಿದ ಕೂಲಿ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ ಮತ್ತು ಒಂದಾಣೆ. ಅಂದರೆ ಅರ್ಧ ಕೇಜಿಗೂ ಕಡಿಮೆ. ಕೆಲಸ ಮುಗಿದ ಮೇಲೆ ಇಟ್ಟ ಹೆಸರು ಗವರ್ನರ್ ಆಗಿದ್ದ ಬಕಿಂಗ್‌ಹ್ಯಾಮ್ ಡ್ಯೂಕನದು. ಚೀನಾದ ಕಾಲುವೆಯೇನೂ ಪುಣ್ಯದಿಂದ ಆದದ್ದಲ್ಲ. ಏಳನೇ ಶತಮಾನದ ಆರಂಭದಲ್ಲಿ ಸುಯಿ ವಂಶದ ದೊರೆ ಲಕ್ಷಾಂತರ ಜನರನ್ನು ಬಿಟ್ಟಿ ದುಡಿಸಿ ತೋಡಿಸಿದ್ದು.

"1965, 66ರ ಚಂಡಮಾರುತ ಆದ ಮೇಲೆ ದೋಣಿ ನಿಂತುಹೋಗುತ್ತಾ ಬಂತು ತಂಬಿ. ಲಾರಿ ಬಂದಿತ್ತು. ದೋಣಿ ನಿಂತ ದಿನವೇ ಎಲ್ಲರೂ ಗೋಡೆ ಕಟ್ಟಿಕೊಂಡರು" ಎಂದರು ಸಾರ್.

ಆಮೇಲೆ ತಿಂಡಿ, ಅದಾದ ಮೇಲೆ ಕೆಥಡ್ರಲ್ ರಸ್ತೆಯ ಸೆಮ್ಮೊಳಿ ಪೂಂಗಾ. ಚೀನಾದವರದ್ದು "ಕ್ಲಾಸಿಕಲ್ ಗಾರ್ಡನ್", ನಮ್ಮದು "ಕ್ಲಾಸಿಕಲ್ ಲ್ಯಾಂಗ್ವೇಜ್ ಗಾರ್ಡನ್" ಎಂದು ನಾನು ಜೋಕ್ ಮಾಡಿದೆ. ಸೆಮ್ಮೊಳಿ ಎಂದರೆ ಶಾಸ್ತ್ರೀಯ ಭಾಷೆ. ತಮಿಳಿಗೆ ಆ ಸ್ಥಾನ ಸಿಕ್ಕಿದ್ದು 2004ರಲ್ಲಿ, ಈ ಉದ್ಯಾನ ತೆರೆದದ್ದು 2010ರಲ್ಲಿ. ಆದರೆ ಚೆನ್ನೈನ ಹಳೆಯ ಕನ್ನಡಿಗರಿಗೆ ಈ ಜಾಗ ಬೇರೆ ಕಾರಣಕ್ಕೆ ಗೊತ್ತು. ಇಲ್ಲಿದ್ದದ್ದು ವುಡ್‌ಲ್ಯಾಂಡ್ಸ್ ಡ್ರೈವ್-ಇನ್. ಉಡುಪಿ ಕಡೆಯಿಂದ ಬಂದು ಮದರಾಸಿಗೆ ಮಸಾಲೆ ದೋಸೆ ಉಣಿಸಿದ ಕೆ. ಕೃಷ್ಣರಾಯರು 1962ರಲ್ಲಿ ತೋಟಗಾರಿಕೆ ಸಂಘದ ಮರಗಳ ಕೆಳಗೆ ಶುರು ಮಾಡಿದ್ದು. ಕಾರಿನ ಕಿಟಕಿಗೇ ತಟ್ಟೆ ಸಿಕ್ಕಿಸಿ ಕೊಡುತ್ತಿದ್ದರಂತೆ. 2008ರಲ್ಲಿ ಮುಚ್ಚಿತು. ಕನ್ನಡಕ್ಕೆ ಶಾಸ್ತ್ರೀಯ ಭಾಷೆಯ ಸ್ಥಾನ ಬಂದದ್ದೂ ಅದೇ ವರ್ಷ ಎಂಬುದು ಕೇವಲ ಕಾಕತಾಳೀಯ. ಉದ್ಯಾನ ಚೆನ್ನಾಗಿದೆ, ದೊಡ್ಡ ಮರಗಳಿವೆ. ನನ್ನ ಮಗಳು ಬಾತುಕೋಳಿ ನೋಡುತ್ತಾ ಅರ್ಧ ಗಂಟೆ ನಿಂತಳು. ಇಲ್ಲಿ ಇನ್ನು ಹೆಚ್ಚು ಹೇಳುವುದಿಲ್ಲ, ಬಿಸಿಲೇರುತ್ತಿತ್ತು.

ಕಾರಿನಲ್ಲಿ ದಕ್ಷಿಣಕ್ಕೆ ಹೊರಟೆವು. ಓಎಂಆರ್ ಎಂದರೆ ನಮ್ಮ ಐಟಿ ಹೊಟ್ಟೆಪಾಡಿನ ರಸ್ತೆ, ಈಸಿಆರ್ ಎಂದರೆ ಸಮುದ್ರದಂಚಿನ ರೆಸಾರ್ಟ್ ರಸ್ತೆ. ಇವೆರಡರ ನಡುವೆ ಉದ್ದಕ್ಕೂ ಈ ಕಾಲುವೆ ಹರಿಯುತ್ತದೆ. 2019ರಲ್ಲಿ ಚೀನಾದ ಅಧ್ಯಕ್ಷರು ಮಾಮಲ್ಲಪುರಕ್ಕೆ ರಸ್ತೆಯಲ್ಲೇ ಬಂದರಲ್ಲ, ಅವರ ಕಾರೂ ಎಲ್ಲೋ ಒಂದು ಕಡೆ ಇದನ್ನು ದಾಟಲೇಬೇಕು. ಸಾರ್ ಕಾರು ನಿಲ್ಲಿಸಿದ್ದು ನಮ್ಮದೇ ಆಫೀಸಿನ ಹಿಂದಿನ ಸೇತುವೆಯಲ್ಲಿ. ಅಲ್ಲಿಂದ ಕಂಡದ್ದು: ಗಾಜಿನ ಕಟ್ಟಡಗಳ ಹಿಂಭಾಗ, ಜನರೇಟರ್‌ಗಳು, ಕೊಳಚೆ ಶುದ್ಧೀಕರಣದ ತೊಟ್ಟಿ, ಹತ್ತಡಿ ಕಾಂಪೌಂಡ್, ಮೇಲೆ ಮುಳ್ಳುತಂತಿ. ಒಂದು ಕಿಟಕಿ ಕೂಡ ತೆರೆದಿಲ್ಲ. ನೀರಿನ ಕಡೆಗೆ ಬಾಗಿಲಿದ್ದದ್ದು ಆಚೆ ದಡದ ಏಳೆಂಟು ಗುಡಿಸಲುಗಳಿಗೆ ಮಾತ್ರ. ಒಬ್ಬಾತ ಬಲೆ ಕೊಡವುತ್ತಿದ್ದ.

ಈ ಕಾಲುವೆಗೆ ಬೆನ್ನು ತಿರುಗಿಸಿದ್ದಕ್ಕೆ ನಾವು ಬೆಲೆ ಕಟ್ಟುತ್ತಿದ್ದೇವೆ. ಪಳ್ಳಿಕರಣೈ ಜೌಗಿನ ನೀರು ಒಕ್ಕಿಯಂ ಮಡುವು ಎಂಬ ತೋಡಿನಿಂದ ಈ ಕಾಲುವೆಗೆ ಬಂದು, ಇಲ್ಲಿಂದ ಕೋವಳಂ ಹತ್ತಿರ ಸಮುದ್ರ ಸೇರಬೇಕು. ದಕ್ಷಿಣ ಚೆನ್ನೈನ ಮಳೆನೀರಿಗೆ ಇದೇ ಮುಖ್ಯ ದಾರಿ. 2023ರ ಡಿಸೆಂಬರ್‌ನಲ್ಲಿ ಮಿಚಾಂಗ್ ಚಂಡಮಾರುತ ಬಂದಾಗ ನಮ್ಮ ಬೇಸ್‌ಮೆಂಟಿನಲ್ಲಿ ಕಾರುಗಳು ತೇಲಿದವು, ಮೂರು ದಿನ ಕರೆಂಟಿಲ್ಲ. 2004ರ ಸುನಾಮಿಯಲ್ಲಿ ಇದೇ ಕಾಲುವೆ ಎಷ್ಟೋ ಕಡೆ ನೀರನ್ನು ತಾನು ತೆಗೆದುಕೊಂಡು ಒಳನಾಡಿನ ಊರುಗಳನ್ನು ಉಳಿಸಿತ್ತು.

ಹಾಗಾದರೆ ವಾಟ್ಸಾಪ್‌ನಲ್ಲಿ ಕೇಳಿದ್ದು ಸರಿಯೇ ತಾನೆ, ಕ್ಲೀನ್ ಮಾಡಿ ಸುಝೌ ಮಾಡೋಣ? ಸೋಮವಾರ ಕಾಫಿ ಹೊತ್ತಿನಲ್ಲಿ ನಮ್ಮ ಮಹಡಿಯ ಹೌಸ್‌ಕೀಪಿಂಗ್ ಅಕ್ಕನಿಗೆ ಫೋಟೋ ತೋರಿಸಿದೆ. ಅವರು ಕಣ್ಣಗಿ ನಗರದಿಂದ ಬರುತ್ತಾರೆ. ಕಾಲುವೆ ದಂಡೆಗಳಿಂದ, ನದಿ ದಂಡೆಗಳಿಂದ ಎತ್ತಿದವರಿಗಾಗಿ 2000ದ ಹೊತ್ತಿಗೆ ಓಎಂಆರ್ ಪಕ್ಕದಲ್ಲಿ ಕಟ್ಟಲು ಶುರುಮಾಡಿದ ಬಡಾವಣೆ, 15 ಸಾವಿರಕ್ಕೂ ಹೆಚ್ಚು ಮನೆ. ಆಮೇಲೆ ಸೆಮ್ಮಂಚೇರಿ, ಪೆರುಂಬಾಕ್ಕಂ ಬಂದವು. ನಮ್ಮ ಆಫೀಸುಗಳ ನೆಲ ಒರೆಸುವವರು, ಗೇಟು ಕಾಯುವವರು ಬಹಳ ಜನ ಅಲ್ಲಿಂದಲೇ.

"ನಿಮ್ಮೂರು ಯಾವುದು ಅಕ್ಕಾ?" ಎಂದೆ.

"ಮೈಲಾಪುರ ಸಾರ್." ಕಣ್ಣಗಿ ನಗರಕ್ಕೆ ಬಂದು ಇಪ್ಪತ್ತು ವರ್ಷ ದಾಟಿದೆ, ಊರು ಮಾತ್ರ ಮೈಲಾಪುರ. ಫೋಟೋವನ್ನು ಬೆರಳಲ್ಲಿ ದೊಡ್ಡದು ಮಾಡಿ ಸೇತುವೆಯ ಎಡಕ್ಕೆ ತೋರಿಸಿದರು. "ಇಲ್ಲೇ ನಮ್ಮ ಮನೆ ಇದ್ದದ್ದು. ಅಮ್ಮನ ಕಾಲದಲ್ಲಿ ಸೌದೆ ದೋಣಿ ಬರ್ತಿತ್ತಂತೆ. ಅಲ್ಲಿಂದ ನಾಲ್ಕು ಮನೆ ಕೆಲಸಕ್ಕೆ ನಡೆದು ಹೋಗ್ತಿದ್ದೆ. ಇಲ್ಲಿ ಮನೆ ಪಕ್ಕಾ, ಕರೆಂಟಿದೆ, ಇಲ್ಲ ಅನ್ನಲ್ಲ. ಬಂದ ಹೊಸದರಲ್ಲಿ ಕೆಲಸ ಇರಲಿಲ್ಲ, ಬಸ್ಸಿಗೇ ಅರ್ಧ ಸಂಬಳ." ಮತ್ತೆ ಫೋಟೋ ನೋಡಿ ಕೇಳಿದರು: "ಕಾಲುವೆ ಕ್ಲೀನ್ ಮಾಡ್ಬೇಕು ಅಂತ ನಮ್ಮನ್ನ ಕಳಿಸಿದ್ರು. ಇನ್ನೂ ಮಾಡಿಲ್ವಾ ಸಾರ್?"

ತೊಂಗ್ಲಿಯಲ್ಲಿ ಮೆಟ್ಟಿಲ ಮೇಲೆ ಕೂತ ಅಜ್ಜಿಯನ್ನು ನೋಡಲು ನಾವು ಟಿಕೆಟ್ ಕೊಟ್ಟಿದ್ದೆವು. ಇಲ್ಲಿ ಅದೇ ಕೆಲಸ ಮಾಡುವವರನ್ನು ಕಡತಗಳಲ್ಲಿ "ಒತ್ತುವರಿ" ಎನ್ನುತ್ತಾರೆ. ಅವರ ಗುಡಿಸಲು ಕಾಲುವೆಯನ್ನು ಎಷ್ಟು ಕಿರಿದು ಮಾಡಿತು, ರೈಲು ಕಂಬ ಎಷ್ಟು ಮಾಡಿತು, ನಮ್ಮ ಕಾಂಪೌಂಡ್ ಎಷ್ಟು ಮಾಡಿತು ಎಂದು ಅಳೆದು ಹೇಳಲಿ, ಆಮೇಲೆ ಯಾರನ್ನು ಎತ್ತಬೇಕೋ ಎತ್ತಲಿ ಎಂದು ಗುಂಪಿನಲ್ಲಿ ಬರೆದೆ. ಎರಡು ಹೆಬ್ಬೆರಳು ಬಂದವು. ಅದರಲ್ಲಿ ಒಂದು ಎಂಜಿನಿಯರ್ ಸಾರ್‌ದು.

ಭಾನುವಾರದ ಕೊನೆ ಮಾತ್ರ ಚೆನ್ನಾಗಿತ್ತು, ಅದನ್ನೂ ಹೇಳಬೇಕು. ನಗರ ದಾಟಿದಂತೆ ಕಾಲುವೆ ಅಗಲವಾಗುತ್ತದೆ, ನೀರಿಗೆ ನೀರಿನ ಬಣ್ಣ ಬರುತ್ತದೆ. ಮುಟ್ಟುಕಾಡಿನಲ್ಲಿ ಅದು ಹಿನ್ನೀರಿಗೆ ಬಿಚ್ಚಿಕೊಳ್ಳುತ್ತದೆ. ಪ್ರವಾಸೋದ್ಯಮ ನಿಗಮದ ದೋಣಿ ಇದೆ, ಹತ್ತಿದೆವು. ಪಕ್ಕದಲ್ಲೇ ದಕ್ಷಿಣಚಿತ್ರ, ಅಲ್ಲಿ ಇಳಕಲ್ ನೇಕಾರರ ಮನೆಯೊಂದನ್ನು ತಂದು ಕಟ್ಟಿದ್ದಾರೆ, ಊರು ನೆನಪಾದವರು ಹೋಗಿ. ಮಳೆಗಾಲ ಮುಗಿದ ಜನವರಿ, ಫೆಬ್ರವರಿ ಒಳ್ಳೆಯ ಸಮಯ. ರೈಲಿಗೆ ತಿರುವಾನ್ಮಿಯೂರಿನಲ್ಲಿ ಹತ್ತಿ. ಕಾಲುವೆ ಯಾವ ಕಡೆ ಎಂದು ಅಕ್ಕಪಕ್ಕದವರನ್ನು ಕೇಳಿದರೆ ಮೂಗು ಮುಚ್ಚಿಕೊಂಡು ತೋರಿಸುತ್ತಾರೆ.

ಮುಂದಿನ ತಿಂಗಳು ಉತ್ತರ ಭಾಗ, ಎಣ್ಣೂರಿನಿಂದ ಪುಲಿಕಾಟ್‌ವರೆಗೆ. ಸಾರ್ ಆಗಲೇ ಗುಂಪಿನಲ್ಲಿ ಹಾಕಿದ್ದಾರೆ: ಬೆಳಗ್ಗೆ ಐದಕ್ಕೆ ಗೇಟಿನ ಹತ್ತಿರ, ಕುಡಿಯುವ ನೀರು ಅವರವರದು.