ಮುಸುರೆಯಿಂದ ಇಂಧನ

ದಿನವೂ ನೂರಾರು ಮಂದಿಗೆ ಊಟವಿಕ್ಕುವ ಅಡುಗೆಮನೆಗಳಲ್ಲಿ ಎರಡು ಸಮಸ್ಯೆಗಳು ಜೊತೆಜೊತೆಯಾಗಿಯೇ ಹುಟ್ಟುತ್ತವೆ. ಒಲೆಗೆ ಇಂಧನ ಸಾಲದು. ಹಿತ್ತಲಿನಲ್ಲಿ ಮುಸುರೆ ಮಿಗುತ್ತದೆ. ತರಕಾರಿಯ ಸಿಪ್ಪೆ, ಗಂಜಿ, ತಟ್ಟೆಯಲ್ಲುಳಿದ ಅನ್ನ, ಹಳಸಿದ ಸಾರು ಇವೆಲ್ಲವೂ ಹಿಂದೆ ಕೊಟ್ಟಿಗೆಯ ದನಗಳ ಪಾಲಾಗುತ್ತಿದ್ದವು. ಕೊಟ್ಟಿಗೆಗಳು ಬರಿದಾದ ಕಡೆಗಳಲ್ಲಿ ಅವು ಇಂದು ತಿಪ್ಪೆಯ ಪಾಲು. ಒಂದು ಕೈಯಿಂದ ಸಿಲಿಂಡರಿಗೆ ಹಣ ತೆತ್ತು, ಇನ್ನೊಂದು ಕೈಯಿಂದ ಇಂಧನವಾಗಬಲ್ಲ ವಸ್ತುವನ್ನು ಕೊಳೆಯಲು ಬಿಡುವುದು ವಿವೇಕವೆನಿಸದು. ಈ ವಿಷಯದಲ್ಲಿ ವಿದ್ಯಾರ್ಥಿಗಳ ಪ್ರಸಾದನಿಲಯಗಳು ನಾಡಿಗೆ ಮೇಲ್ಪಂಕ್ತಿಯಾಗಬಲ್ಲವು. ಆದರೆ ಅನಿಲಸ್ಥಾವರವೊಂದನ್ನು ಕಟ್ಟಿಸಿದ ಮಾತ್ರಕ್ಕೆ ಈ ಕಾರ್ಯ ಸಿದ್ಧಿಸದು.

ಮುಸುರೆಯಿಂದ ಅನಿಲ ಹುಟ್ಟುವ ಬಗೆಯನ್ನು ಅರಿತರೆ ಇದರ ಕಾರಣ ತಿಳಿಯುತ್ತದೆ. ಗಾಳಿ ಸೋಕದಂತೆ ಮುಚ್ಚಿದ ತೊಟ್ಟಿಯಲ್ಲಿ ಕೆಲವು ಸೂಕ್ಷ್ಮಜೀವಿಗಳು ಪಿಷ್ಟ, ಸಸಾರಜನಕ, ಕೊಬ್ಬುಗಳನ್ನು ಒಡೆದು ಆಮ್ಲಗಳನ್ನಾಗಿಸುತ್ತವೆ. ಬೇರೆ ಕೆಲವು ಆ ಆಮ್ಲಗಳನ್ನು ಉಂಡು ಮಿಥೇನ್ ಅನಿಲವನ್ನು ಬಿಡುತ್ತವೆ. ಹೊರಬರುವ ಅನಿಲದಲ್ಲಿ ಸಾಮಾನ್ಯವಾಗಿ ಶೇಕಡಾ 55ರಿಂದ 65ರಷ್ಟು ಮಿಥೇನ್ ಇರುತ್ತದೆ. ಉಳಿದುದು ಬಹುಪಾಲು ಇಂಗಾಲದ ಡೈಆಕ್ಸೈಡ್. ಮೊದಲನೆಯ ಜೀವಿಗಳು ಚುರುಕು, ಎರಡನೆಯವು ನಿಧಾನ. ಹಬ್ಬದ ಮರುದಿನ ಮಿಕ್ಕುದನ್ನೆಲ್ಲ ಒಮ್ಮೆಲೇ ಸುರಿದರೆ ತೊಟ್ಟಿ ಹುಳಿಯೇರಿ ಮಿಥೇನ್ ಜೀವಿಗಳು ಸೊರಗುತ್ತವೆ. ಉರಿಯುವ ಅನಿಲ ನಿಂತುಹೋಗುತ್ತದೆ. ಆದುದರಿಂದ ಮೊದಲು ಸಗಣಿಯ ಬಗ್ಗಡದಿಂದ ತೊಟ್ಟಿಯನ್ನು ಹದಗೊಳಿಸಿ, ಬಳಿಕ ಅರೆದ ಮುಸುರೆಯನ್ನು ನೀರಿನೊಡನೆ ದಿನವೂ ಮಿತವಾಗಿ ಉಣಿಸಬೇಕು. ಈ ಸ್ಥಾವರವು ಯಂತ್ರಕ್ಕಿಂತ ಹಸುವಿನ ಹೊಟ್ಟೆಗೆ ಹತ್ತಿರವಾದುದು.

ನಿರೀಕ್ಷೆಯೂ ಮಿತಿಯಲ್ಲಿರಬೇಕು. ಚೆನ್ನಾಗಿ ನಡೆಯುವ ಸ್ಥಾವರದಲ್ಲಿ 100 ಕಿಲೋಗ್ರಾಂ ಮುಸುರೆಯಿಂದ ಸುಮಾರು 8ರಿಂದ 10 ಘನಮೀಟರ್ ಅನಿಲ ದೊರೆಯುತ್ತದೆ. ಅಷ್ಟೇ ತೂಕದ ಸಗಣಿಯಿಂದ ದೊರೆಯುವುದು ಸುಮಾರು 4. ಒಂದು ಘನಮೀಟರ್ ಅನಿಲವು ಹೆಚ್ಚುಕಡಮೆ ಅರ್ಧ ಕಿಲೋಗ್ರಾಂ ಸಿಲಿಂಡರ್ ಅನಿಲಕ್ಕೆ ಸಮ. ಎಂದರೆ 14.2 ಕಿಲೋಗ್ರಾಂ ಸಿಲಿಂಡರಿನ ಮೂರರಲ್ಲೊಂದು ಪಾಲಿನಷ್ಟು ಉಳಿತಾಯವಾದೀತು. ಇದು ಇಡೀ ಅಡುಗೆಗೆ ಸಾಲದು. ಆದರೆ ವರ್ಷವಿಡೀ ಲೆಕ್ಕ ಹಾಕಿದರೆ ಅಲ್ಪವೂ ಅಲ್ಲ.

ಇಂಥ ಸ್ಥಾವರಗಳು ಉದ್ಘಾಟನೆಯಾದ ಕೆಲವೇ ದಿನಗಳಲ್ಲಿ ಪಾಳುಬೀಳುತ್ತವೆಂಬ ಆಕ್ಷೇಪ ನಿರಾಧಾರವಲ್ಲ. ಸಿಪ್ಪೆಯೊಡನೆ ಪ್ಲಾಸ್ಟಿಕ್ ಚೀಲ, ತೆಂಗಿನ ನಾರು ಬಿದ್ದರೆ ಕೊಳವೆ ಕಟ್ಟುತ್ತದೆ. ನೋಡಿಕೊಳ್ಳುವವರು ಬದಲಾದರೆ ಉಣಿಸುವ ಕ್ರಮ ತಪ್ಪುತ್ತದೆ. ಉರಿಯದೆ ಸೋರಿಹೋಗುವ ಮಿಥೇನ್, ನೂರು ವರ್ಷಗಳ ಲೆಕ್ಕದಲ್ಲಿ, ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಹೆಚ್ಚು ಭೂಮಿಯನ್ನು ಬಿಸಿಗೊಳಿಸುತ್ತದೆಂಬುದನ್ನೂ ಮರೆಯಲಾಗದು. ಸ್ಥಾವರಗಳ ಯಶಸ್ಸನ್ನು ಕಟ್ಟಿದ ಸಂಖ್ಯೆಯಿಂದಲ್ಲ, ಉರಿಯುತ್ತಿರುವ ಒಲೆಗಳಿಂದ ಅಳೆಯಬೇಕು.

ಈ ಮಾತಿಗೆ ಕನ್ನಡನಾಡಿನಲ್ಲಿಯೇ ನಿದರ್ಶನವುಂಟು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹುಟ್ಟಿದ ಅಸ್ತ್ರ ಕೇಂದ್ರವು, ಪ್ರೊ. ಎ.ಕೆ.ಎನ್. ರೆಡ್ಡಿಯವರ ನೇತೃತ್ವದಲ್ಲಿ, ಕುಣಿಗಲ್ ತಾಲ್ಲೂಕಿನ ಪುರ ಗ್ರಾಮದಲ್ಲಿ ಸಗಣಿಯ ಸಮುದಾಯ ಸ್ಥಾವರವನ್ನು ನಿರ್ಮಿಸಿತು. ಊರಿನ ಸಗಣಿಯಿಂದ ಎಲ್ಲರ ಅಡುಗೆಗೂ ಅನಿಲ ಸಾಲದೆಂದು ಕಂಡಾಗ, 1987ರಲ್ಲಿ ಅದನ್ನು ದೀಪಕ್ಕೂ ಕುಡಿಯುವ ನೀರಿಗೂ ತಿರುಗಿಸಲಾಯಿತು. ಸಗಣಿ ತಂದವರಿಗೆ ಹಣವೂ ಸಿಕ್ಕಿತು, ಬಗ್ಗಡವೂ ಗೊಬ್ಬರವಾಗಿ ಹಿಂದಿರುಗಿತು. ಜನರ ಅಗತ್ಯಕ್ಕೂ ಲಭ್ಯವಿದ್ದ ವಸ್ತುವಿಗೂ ಲೆಕ್ಕ ಹೊಂದಿಸಿದುದರಿಂದಲೇ ಅದು ನಡೆಯಿತು. ಮುಂದೆ ಪುಣೆಯಲ್ಲಿ ಡಾ. ಆನಂದ ಕರ್ವೆಯವರ ಸಂಸ್ಥೆ ಅಡುಗೆಮನೆಯ ತ್ಯಾಜ್ಯದಿಂದಲೇ ನಡೆಯುವ ಪುಟ್ಟ ಸ್ಥಾವರವನ್ನು ರೂಪಿಸಿ 2006ರಲ್ಲಿ ಆಶ್ಡೆನ್ ಪ್ರಶಸ್ತಿಗೆ ಪಾತ್ರವಾಯಿತು.

ಪ್ರಸಾದನಿಲಯಗಳಲ್ಲಿ ಮುಸುರೆಯೂ ಉಂಟು, ಒಲೆಯೂ ಉಂಟು, ಬಗ್ಗಡವನ್ನು ಬೇಡುವ ತೋಟವೂ ಹಲವೆಡೆ ಉಂಟು. ಇನ್ನು ಬೇಕಾದುದು ಹೊಣೆಗಾರಿಕೆ. ಹಸಿ ಕಸವನ್ನು ಬೇರ್ಪಡಿಸಿ, ತೂಗಿ, ದಿನಚರಿಯಲ್ಲಿ ಬರೆದಿಡುವ ಕೆಲಸವನ್ನು ಹಿರಿಯ ವಿದ್ಯಾರ್ಥಿಗಳು ಸರದಿಯಂತೆ ವಹಿಸಿಕೊಂಡರೆ ರಸಾಯನಶಾಸ್ತ್ರದ ಪಾಠವೂ ಕಾಯಕದ ಪಾಠವೂ ಒಂದೇ ಅಂಗಳದಲ್ಲಿ ನಡೆದಾವು. ಆದರೆ ಸ್ಥಾವರವಿದೆಯೆಂದು ತಟ್ಟೆಯಲ್ಲಿ ಅನ್ನ ಬಿಡುವ ರೂಢಿ ಬೆಳೆಯಕೂಡದು. ಒಂದು ತುತ್ತು ಅನ್ನದ ಹಿಂದಿರುವ ರೈತನ ಬೆವರನ್ನು ಯಾವ ಅನಿಲವೂ ಹಿಂದಿರುಗಿಸಲಾರದು. ಅನ್ನವನ್ನು ಕೆಡಿಸದಿರುವುದು ಮೊದಲ ಧರ್ಮ. ಅನಿವಾರ್ಯವಾಗಿ ಮಿಕ್ಕ ಸಿಪ್ಪೆ-ಗಂಜಿಗಳನ್ನು ಉರಿಯಾಗಿಯೂ ಗೊಬ್ಬರವಾಗಿಯೂ ಮಾರ್ಪಡಿಸುವುದು ಅದರ ಮುಂದಿನ ಹೆಜ್ಜೆ.