ಹೊಸ ಲೈಬ್ರರಿ, ಮುಗ್ಗರಿಸುವ ಯಂತ್ರ

ಕೇರಳದ ಶಾಲೆಗಳ ಗಣಕಯಂತ್ರಗಳು ಲಿನಕ್ಸ್‌ನಿಂದ ನಡೆಯುತ್ತಿರುವುದು ನಮ್ಮ ಓದುಗರಿಗೆ ಹೊಸ ಸಂಗತಿಯಲ್ಲ. 2001ರಲ್ಲಿ ಐ.ಟಿ. ಅಟ್ ಸ್ಕೂಲ್ ಎಂಬ ಹೆಸರಿನಿಂದ ಆರಂಭವಾಗಿ 2017ರಲ್ಲಿ ಕೈಟ್ ಎಂಬ ಕಂಪೆನಿಯಾದ ಯೋಜನೆಯ ಫಲವಿದು. ಕಾಸರಗೋಡು, ಮಂಜೇಶ್ವರ ತಾಲೂಕುಗಳ ಕನ್ನಡ ಮಾಧ್ಯಮದ ಮಕ್ಕಳೂ ಈ ಯಂತ್ರಗಳ ಮುಂದೆ ಕುಳಿತೇ ಎಸ್ಸೆಸ್ಸೆಲ್ಸಿಯ ಐ.ಟಿ. ಪರೀಕ್ಷೆಯನ್ನು ಎದುರಿಸುತ್ತಾರೆ. ಆದುದರಿಂದ ಲಿನಕ್ಸಿನ ಒಳಗೆ ಏನಾದರೂ ಕೆಟ್ಟರೆ ಅದು ದೂರದ ಅಮೆರಿಕದ ಸುದ್ದಿಯಾಗಿ ಉಳಿಯದು. ನಮ್ಮ ಮನೆಯ ಸುದ್ದಿಯೂ ಆಗುತ್ತದೆ.

ಲಿನಕ್ಸಿನಲ್ಲಿ ಜಿಲಿಬ್‌ಸಿ ಎಂಬ ಒಂದು ಲೈಬ್ರರಿಯಿದೆ. ಕಡತ ತೆರೆಯುವುದು, ಅಕ್ಷರ ನಕಲು ಮಾಡುವುದು, ನೆನಪಿನಲ್ಲಿ ಜಾಗ ಕೇಳುವುದು ಮುಂತಾದ ಚಿಲ್ಲರೆ ಕೆಲಸಗಳಿಗೆಲ್ಲ ಹೆಚ್ಚುಕಡಿಮೆ ಪ್ರತಿಯೊಂದು ಪ್ರೋಗ್ರಾಮೂ ಇದನ್ನೇ ಆಶ್ರಯಿಸುತ್ತದೆ. ಊರಿಗೆಲ್ಲ ಒಂದೇ ಬಾವಿ ಇದ್ದ ಹಾಗೆ. ಬಾವಿಯ ಹೂಳೆತ್ತಿದ ದಿನ ಯಾರ ಮನೆಯ ಕೊಡಕ್ಕೆ ಕೆಸರು ಬರುವುದೆಂದು ಹೇಳುವವರಿಲ್ಲ.

2010ರ ನವೆಂಬರಿನಲ್ಲಿ ಫೆಡೋರಾ 14 ಎಂಬ ಲಿನಕ್ಸ್ ಹೊರಬಂದಾಗ ಇಂಥದೇ ಒಂದು ಕೆಸರು ಕಾಣಿಸಿಕೊಂಡಿತು. ಅಡೋಬಿಯ 64 ಬಿಟ್ ಫ್ಲ್ಯಾಶ್ ಪ್ಲಗಿನ್ನಿನಲ್ಲಿ ಹಾಡು ಕೇಳಿದರೆ ಧ್ವನಿ ಒಡೆದು ಗೊರಗೊರ ಎನ್ನತೊಡಗಿತು. ಫ್ಲ್ಯಾಶ್ ಬದಲಾಗಿರಲಿಲ್ಲ. ಬದಲಾದುದು ಜಿಲಿಬ್‌ಸಿಯೊಳಗಿನ ಮೆಮ್‌ಕಾಪಿ ಎಂಬ, ನೆನಪಿನ ಒಂದು ಕಡೆಯಿಂದ ಇನ್ನೊಂದು ಕಡೆಗೆ ನಕಲು ಮಾಡುವ ಪುಟ್ಟ ಕೆಲಸಗಾರ. ಹೊಸ ಪ್ರೊಸೆಸರುಗಳಲ್ಲಿ ವೇಗ ಸಿಗಲೆಂದು ಅದನ್ನು ಹಿಂದಿನಿಂದ ಮುಂದಕ್ಕೆ ನಕಲು ಮಾಡುವಂತೆ ತಿದ್ದಿದ್ದರು.

ಇದರಿಂದ ಕೆಡುವುದೇನು ಎಂಬುದನ್ನು ಶಾಲೆಯ ಕರಿಹಲಗೆಯಲ್ಲೇ ನೋಡಬಹುದು. ಒಂದು ಸಾಲಿನಲ್ಲಿ ಹತ್ತು ಚೌಕ ಬರೆದು, 3ರಿಂದ 10ರ ವರೆಗಿನ ಚೌಕಗಳಲ್ಲಿ ಒಂದೊಂದು ಅಕ್ಷರ ತುಂಬಿರಿ. ಈಗ ಅವನ್ನು 1ರಿಂದ 8ರ ವರೆಗಿನ ಚೌಕಗಳಿಗೆ ನಕಲು ಮಾಡಬೇಕು. ಎಡದಿಂದ ಹೊರಟರೆ ತೊಂದರೆಯಿಲ್ಲ. ಬಲದಿಂದ ಹೊರಟರೆ, 10ರ ಅಕ್ಷರವನ್ನು 8ರಲ್ಲಿ ಬರೆಯುವಾಗಲೇ 8ರ ಅಕ್ಷರ ಅಳಿಸಿಹೋಗುತ್ತದೆ. ಅದನ್ನು ಮುಂದೆ 6ಕ್ಕೆ ಒಯ್ಯಲು ಹೋದರೆ ಸಿಗುವುದು ತಪ್ಪು ಅಕ್ಷರ. ಹೀಗೆ ಒಂದರ ಮೇಲೊಂದು ಬೀಳುವ ಜಾಗಗಳಿಗೆ ಮೆಮ್‌ಕಾಪಿಯನ್ನು ಬಳಸಕೂಡದು, ಮೆಮ್‌ಮೂವ್ ಎಂಬ ಬೇರೆಯದನ್ನು ಬಳಸಬೇಕು ಎಂದು ಸಿ ಭಾಷೆಯ ನಿಯಮ ಮೊದಲೇ ಹೇಳಿತ್ತು. ಫ್ಲ್ಯಾಶ್ ಬರೆದವರು ಅದನ್ನು ಪಾಲಿಸಿರಲಿಲ್ಲ. ಅಷ್ಟು ಕಾಲ ನಡೆದುದು ಕೇವಲ ಅದೃಷ್ಟದಿಂದ.

ಲೈಬ್ರರಿಯ ಪಾಲಕರು ನಿಯಮದ ಪುಸ್ತಕ ತೋರಿಸಿ ತಪ್ಪು ನಮ್ಮದಲ್ಲ ಎಂದರು. ಲಿನಕ್ಸಿನ ಜನಕ ಲೈನಸ್ ಟೋರ್ವಾಲ್ಡ್ಸ್ ಒಪ್ಪಲಿಲ್ಲ. ನಿನ್ನೆ ನಡೆಯುತ್ತಿದ್ದುದು ಇಂದು ನಡೆಯದಿದ್ದರೆ ಬಳಕೆದಾರನಿಗೆ ನಿಯಮ ಕಟ್ಟಿಕೊಂಡು ಏನಾಗಬೇಕು ಎಂಬುದು ಅವರ ವಾದದ ತಿರುಳು. ನಮ್ಮ ಮತವೂ ಅವರ ಕಡೆಗೇ. ಹಾಗೆಂದು ಪಾಲಕರ ಮಾತನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಪ್ರತಿಯೊಬ್ಬನ ತಪ್ಪಿಗೂ ಬಾವಿಯನ್ನೇ ಬಾಗಿಸುತ್ತ ಹೋದರೆ ಬಾವಿ ಉಳಿಯದು. ಆದರೆ ಫ್ಲ್ಯಾಶಿನ ಮೂಲ ಬರಹ ಬಳಕೆದಾರನ ಕೈಯಲ್ಲಿಲ್ಲ, ತಿದ್ದಲು ಅವನಿಂದಾಗದು. ತಿದ್ದಬಲ್ಲವನು ಲೈಬ್ರರಿಯವನೇ. ಕೊನೆಗೆ 2011ರ 2.14ನೆಯ ಆವೃತ್ತಿಯಲ್ಲಿ ಜಾಣ ದಾರಿಯೊಂದು ಕಂಡಿತು. ಹಳೆಯ ಪ್ರೋಗ್ರಾಮು ಮೆಮ್‌ಕಾಪಿ ಕೇಳಿದರೆ ಅದಕ್ಕೆ ಸುರಕ್ಷಿತವಾದ ಮೆಮ್‌ಮೂವ್ ಸಿಗುತ್ತದೆ. ಹೊಸದಾಗಿ ಕಟ್ಟಿದವಕ್ಕೆ ವೇಗದ್ದು ಸಿಗುತ್ತದೆ. ಮೊದಲ ದಿನವೇ ಹೀಗೆ ಮಾಡಿದ್ದರೆ ಅಷ್ಟೊಂದು ಜಗಳಕ್ಕೆ ಎಡೆಯಿರಲಿಲ್ಲ.

ಪಾಠ ಕಲಿತರೇ? 2022ರ ಆಗಸ್ಟಿನಲ್ಲಿ 2.36ನೆಯ ಆವೃತ್ತಿ ಬಂದಾಗ, ಲೈಬ್ರರಿಯ ಕಡತದೊಳಗಿದ್ದ ಹಳೆಯ ಹೆಸರುಪಟ್ಟಿಯೊಂದು ಅನೇಕ ಲಿನಕ್ಸ್‌ಗಳಲ್ಲಿ ಮಾಯವಾಯಿತು. ಹೊಸ ಬಗೆಯ ಪಟ್ಟಿ 2006ರಿಂದಲೇ ಇದೆ, ಹಳೆಯದು ಯಾರಿಗೆ ಬೇಕು ಎಂಬ ಎಣಿಕೆ. ಬೇಕಾಗಿದ್ದವರು ಇದ್ದರು: ಈಸಿ ಆಂಟಿ ಚೀಟ್ ಎಂಬ ಕಾವಲು ಪ್ರೋಗ್ರಾಮನ್ನು ನೆಚ್ಚಿದ ಆಟಗಳು ತೆರೆಯಲೇ ಇಲ್ಲ. ಕೆಲವು ವಿತರಣೆಗಳು ಹಳೆಯ ಪಟ್ಟಿಯನ್ನು ಮರಳಿ ಸೇರಿಸಬೇಕಾಯಿತು.

ಇನ್ನು ನಮ್ಮ ಶಾಲೆಯ ಲ್ಯಾಬಿನ ಮಾಷ್ಟ್ರು, ಮನೆಯಲ್ಲಿ ಲಿನಕ್ಸ್ ಇಟ್ಟುಕೊಂಡ ಯುವಕರು ಇಂಥ ಹೊತ್ತಿನಲ್ಲಿ ಏನು ಮಾಡಬೇಕು? ಮೊದಲನೆಯದಾಗಿ, ಆಡಳಿತಾಧಿಕಾರವಿರುವ ಟರ್ಮಿನಲ್ ಒಂದು ತೆರೆದಿದ್ದರೆ ಅದನ್ನು ಮುಚ್ಚಬಾರದು; ಮತ್ತೆ ಒಳಹೊಗಲು ಬಾಗಿಲು ತೆರೆಯದೇ ಹೋಗಬಹುದು. ಲೈಬ್ರರಿ ಬದಲಾದ ಮೇಲೂ ಮೊದಲೇ ಓಡುತ್ತಿದ್ದ ಪ್ರೋಗ್ರಾಮುಗಳು ಹಳೆಯ ಪ್ರತಿಯನ್ನೇ ಹಿಡಿದುಕೊಂಡಿರುತ್ತವೆ. ನಡುವೆ ಅವು ಡಿಸ್ಕಿನಿಂದ ಹೊಸ ತುಂಡೊಂದನ್ನು ಎಳೆದುಕೊಂಡರೆ ಎರಡೂ ಹೊಂದದೆ ಕುಸಿಯುತ್ತವೆ. ಆ ಸೇವೆಗಳನ್ನು ನಿಲ್ಲಿಸಿ ಮತ್ತೆ ಹೊರಡಿಸಿದರೆ ಎಷ್ಟೋ ಬಾರಿ ರೋಗ ಅಲ್ಲಿಗೇ ವಾಸಿ.

ವಾಸಿಯಾಗದಿದ್ದರೆ, ಕುಸಿಯುವುದು ಒಂದೇ ಪ್ರೋಗ್ರಾಮೋ ಎಲ್ಲವೂ ಎಂಬುದನ್ನು ನೋಡಬೇಕು. ಎಲ್ಲವೂ ಕುಸಿದರೆ, ಕಡತ ಪಟ್ಟಿ ಮಾಡುವ ಎಲ್‌ಎಸ್ ಕೂಡ ಓಡದಿದ್ದರೆ, ಪೆನ್ ಡ್ರೈವಿನಿಂದ ಯಂತ್ರ ಹೊರಡಿಸಿ ಲೈಬ್ರರಿಯ ಪ್ಯಾಕೇಜನ್ನು ಸರಿಯಾಗಿ ಮರುಸ್ಥಾಪಿಸುವುದೇ ಮಾರ್ಗ. ಬೇಕಾದ ಆವೃತ್ತಿ ಸಿಗಲಿಲ್ಲ ಎಂಬ ಸಂದೇಶ ಬಂದರೆ ಅರ್ಧ ಮಾತ್ರ ಅಪ್‌ಗ್ರೇಡ್ ಆಗಿದೆಯೆಂದು ಸಂಶಯಿಸಬೇಕು. ಒಂದೇ ಪ್ರೋಗ್ರಾಮು ಕುಸಿಯುವುದಾದರೆ ವಾಲ್‌ಗ್ರಿಂಡ್ ಎಂಬ ಉಪಕರಣದ ಅಡಿಯಲ್ಲಿ ಓಡಿಸಿದರೆ ನೆನಪಿನ ಅಪಚಾರವನ್ನು ಅದು ಹೆಸರಿಸಿ ಹೇಳುತ್ತದೆ. ಮೆಮ್‌ಕಾಪಿಯ ಜಾಗಗಳು ಒಂದರ ಮೇಲೊಂದು ಬಿದ್ದುದನ್ನೂ ಹೇಳಬಲ್ಲದು. ಒಂದು ಕೆಲಸವನ್ನು ಮಾತ್ರ ಮಾಡಬಾರದು: ಬೇರೆ ಯಂತ್ರದಿಂದ ಲೈಬ್ರರಿಯ ಕಡತವೊಂದನ್ನು ತಂದು ಕೈಯಿಂದ ಹಳೆಯದರ ಜಾಗದಲ್ಲಿ ತುರುಕುವುದು. ಅರ್ಧ ನಿಂತ ಯಂತ್ರ ಪೂರ್ತಿ ಮಲಗುವುದು ಹೀಗೆಯೇ.

ಒಮ್ಮೆ ಪೆಟ್ಟು ತಿಂದವರು ಇನ್ನು ಅಪ್‌ಗ್ರೇಡೇ ಬೇಡ ಎಂದು ಕೂರುವುದುಂಟು. ನೆಗಡಿಗೆ ಹೆದರಿ ಮೂಗು ಕೊಯ್ದುಕೊಂಡ ಹಾಗೆ. 2015ರ ಜನವರಿಯಲ್ಲಿ ಬಯಲಾದ ಘೋಸ್ಟ್ ಎಂಬ ಅಪಾಯಕಾರಿ ದೋಷ ಇದೇ ಜಿಲಿಬ್‌ಸಿಯಲ್ಲಿ 2000ದಿಂದ ಅಡಗಿತ್ತು. 2013ರಲ್ಲೇ ಅದನ್ನು ಸಾಮಾನ್ಯ ದೋಷವೆಂದು ತಿದ್ದಿಯಾಗಿತ್ತು. ಹೊಸ ಆವೃತ್ತಿಗೆ ಹೋದವರು ತಮಗರಿವಿಲ್ಲದೆಯೇ ಪಾರಾಗಿದ್ದರು, ಹಳೆಯದಕ್ಕೆ ಅಂಟಿಕೊಂಡವರು ತೇಪೆಗಾಗಿ ಓಡಾಡಬೇಕಾಯಿತು.

ಲ್ಯಾಬಿನ ಎಲ್ಲ ಯಂತ್ರಗಳನ್ನೂ ಒಂದೇ ದಿನ ಬದಲಿಸದೆ, ಮೊದಲು ಒಂದನ್ನು ಬದಲಿಸಿ, ಪರೀಕ್ಷೆಗೆ ಬೇಕಾದ ಪ್ರೋಗ್ರಾಮುಗಳನ್ನೆಲ್ಲ ಅದರಲ್ಲಿ ಓಡಿಸಿ, ಕನ್ನಡ ಬೆರಳಚ್ಚು ಸರಿಯಾಗಿ ಮೂಡುವುದೇ ಎಂದು ನೋಡಿ, ಒಂದು ವಾರ ಬಿಟ್ಟು ಉಳಿದವಕ್ಕೆ ಕೈಹಾಕುವುದು ಲೇಸು. ಪರೀಕ್ಷೆ ಹತ್ತಿರ ಬಂದಾಗಲಂತೂ ಆ ಗೊಡವೆ ಬೇಡ. ಇಂಥ ಬದಲಾವಣೆಯ ಮೊದಲು ಶಾಲೆಗಳಿಗೆ ಹೊರಡಿಸುವ ಸೂಚನಾ ಪತ್ರ ಮಲಯಾಳದ ಜೊತೆಗೇ ಕನ್ನಡದಲ್ಲೂ ಇರಬೇಕೆಂದು ಸಂಬಂಧಪಟ್ಟವರನ್ನು ನಾವು ಕೇಳಿಕೊಳ್ಳುತ್ತೇವೆ. ಲ್ಯಾಬ್ ನೋಡಿಕೊಳ್ಳುವ ಕನ್ನಡ ಅಧ್ಯಾಪಕರಿಗೆ ಅದು ಯಂತ್ರ ಮಲಗುವ ಮೊದಲೇ ಕೈಸೇರಬೇಕು.