ಮರಿ ಹಾಕುವ ಮೀನು ಮತ್ತು ಕೃಷ್ಣೆಯ ನೀರು

ಮೀನು ತತ್ತಿಯಿಡುವ ಪ್ರಾಣಿಯೆಂದು ನಾವೆಲ್ಲ ಪ್ರಾಥಮಿಕ ಶಾಲೆಯಲ್ಲಿಯೇ ಕಲಿತಿರುತ್ತೇವೆ. ಗಪ್ಪಿ, ಮೊಲಿ, ಪ್ಲಾಟಿ ಮೀನುಗಳು ಈ ಪಾಠಕ್ಕೆ ಅಪವಾದವಾಗಿವೆ. ಇವುಗಳ ತತ್ತಿಗಳು ತಾಯಿಯ ಒಡಲಿನಲ್ಲಿಯೇ ಬಲಿತು, ಸುಮಾರು ನಾಲ್ಕು ವಾರಗಳಲ್ಲಿ ಈಸಬಲ್ಲ ಮರಿಗಳಾಗಿ ಹೊರಬರುತ್ತವೆ. ಮೀರಜ, ಸಾಂಗಲಿಗಳ ಪೇಟೆಯಿಂದ ಒಂದೆರಡು ಜೋಡಿ ತಂದು ಸಾಕುವ ಹವ್ಯಾಸವು ಉಗಾರ ಖುರ್ದದಂತಹ ಊರಿನ ವಿದ್ಯಾರ್ಥಿಗಳಿಗೂ ಎಟುಕುವಂತಹುದು. ಅದು ಬೆಳೆಯಲೆಂಬುದೇ ನಮ್ಮ ಅಪೇಕ್ಷೆ.

ಆದರೆ ಗುಂಡನೆಯ ಗಾಜಿನ ಬಟ್ಟಲನ್ನು ಕಂಠದವರೆಗೆ ತುಂಬಿ ಅದರಲ್ಲಿ ಮೀನು ಬಿಡುವುದನ್ನು ನಾವು ಒಪ್ಪಲಾರೆವು. ಆಮ್ಲಜನಕವು ನೀರನ್ನು ಸೇರುವುದು ಮುಖ್ಯವಾಗಿ ಅದರ ಮೇಲ್ಮೈಯಿಂದ. 30 ಸೆಂಟಿಮೀಟರ್ ವ್ಯಾಸದ ಬಟ್ಟಲನ್ನು ಅರ್ಧ ತುಂಬಿದಾಗ ಸುಮಾರು 700 ಚದರ ಸೆಂಟಿಮೀಟರ್ ಮೇಲ್ಮೈ ದೊರೆಯುತ್ತದೆ. 16 ಸೆಂಟಿಮೀಟರ್ ಅಗಲದ ಬಾಯಿಯವರೆಗೆ ತುಂಬಿದರೆ ಕೇವಲ 200. ನೀರು ಹೆಚ್ಚಾಯಿತು, ಉಸಿರು ಕಡಿಮೆಯಾಯಿತು! ಮೇಲಾಗಿ, ಲೀಟರ್ ನೀರು 20 ಡಿಗ್ರಿ ಉಷ್ಣತೆಯಲ್ಲಿ ಸುಮಾರು 9 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟುಕೊಂಡರೆ, 30 ಡಿಗ್ರಿಯಲ್ಲಿ ಏಳೂವರೆಯನ್ನಷ್ಟೇ ಹಿಡಿಯಬಲ್ಲದು. ನಮ್ಮ ಸೀಮೆಯ ಬೇಸಿಗೆಯನ್ನು ಬಲ್ಲವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಿಲ್ಲ. ಅಗಲವಾದ ತೊಟ್ಟಿ, ನೆರಳು, ಮರಿಗಳು ಅಡಗಲು ಒಂದಿಷ್ಟು ಜಲಸಸ್ಯ ಇರಬೇಕು. ಸಸ್ಯವಿಲ್ಲದಿದ್ದರೆ ಹೆತ್ತ ತಾಯಿಯೇ ಮರಿಗಳನ್ನು ನುಂಗುವುದುಂಟು.

ಇದಕ್ಕಿಂತ ಗಂಭೀರವಾದ ವಿಷಯ ಬೇರೆ ಇದೆ. ಮರಿಗಳು ಹೆಚ್ಚಾದಾಗ ಹೊಳೆಗೆ ಬಿಟ್ಟರೆ ಪುಣ್ಯ, ಸೊಳ್ಳೆಗಳೂ ಕಡಿಮೆಯಾದಾವು ಎಂದು ಹಲವರು ಹೇಳುತ್ತಾರೆ. ಸೊಳ್ಳೆಯ ಮಾತು ಹುರುಳಿಲ್ಲದ್ದಲ್ಲ. ಗಪ್ಪಿಗಳ ಬಂಧುವಾದ ಗಂಬೂಸಿಯಾ ಮೀನನ್ನು 1928ರಲ್ಲಿ ಇಟಲಿಯಿಂದ ಭಾರತಕ್ಕೆ ತಂದುದೇ ಇದಕ್ಕಾಗಿ. ಕೋಲಾರ ಜಿಲ್ಲೆಯ ಹಳ್ಳಿಗಳಲ್ಲಿ ಬಾವಿಗಳಿಗೆ ಗಪ್ಪಿಗಳನ್ನು ಬಿಟ್ಟು ಮಲೇರಿಯಾ ಸೊಳ್ಳೆಯ ಮರಿಹುಳುಗಳನ್ನು ತಗ್ಗಿಸಿದ್ದಾರೆ. ಆದರೆ ಬಾವಿಯೇ ಬೇರೆ, ಕೃಷ್ಣೆಯೇ ಬೇರೆ. ಗಂಬೂಸಿಯಾವು ಪರಸ್ಥಳದ ನೀರಿನಲ್ಲಿ ಅಲ್ಲಿಯ ಮೀನುಗಳ ತತ್ತಿ-ಮರಿಗಳನ್ನು ತಿಂದು, ಇಂದು ಜಗತ್ತಿನ ನೂರು ಅತಿ ಹಾನಿಕರ ಆಕ್ರಮಣಕಾರಿ ಜೀವಿಗಳ ಪಟ್ಟಿಯನ್ನು ಸೇರಿದೆ. ಗಪ್ಪಿಯೂ ಸಾಮಾನ್ಯವಾದುದಲ್ಲ, ಮೇಲ್ಮುಖವಾದ ಬಾಯಿಯಿಂದ ನೀರಿನ ತೀರ ಮೇಲಿನ ಪದರವನ್ನೇ ಹೀರಿ, ಬೇರೆ ಮೀನುಗಳು ಸಾಯುವ ಕೊಳಕು ನೀರಿನಲ್ಲಿಯೂ ಅದು ಬದುಕಬಲ್ಲದು. ಸೊಳ್ಳೆಯ ಮರಿಹುಳುಗಳನ್ನು ತಿನ್ನುವ ಅಪ್ಲೊಕೀಲಸ್ ಜಾತಿಯ ಮೀನುಗಳು ನಮ್ಮ ನಾಡಿನಲ್ಲಿಯೇ ಇರುವಾಗ, ಹೊಳೆಗೆ ಪರದೇಶದ ಮೀನೇಕೆ?

ತೊಟ್ಟಿ ಅಂಗಳದಲ್ಲಿದೆ, ಹೊಳೆ ದೂರದಲ್ಲಿದೆ ಎಂಬ ಸಮಾಧಾನವೂ ಸಲ್ಲದು. 2019ರ ಆಗಸ್ಟಿನಲ್ಲಿ ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳಲ್ಲಿ ಹೊಳೆಯೇ ಅಂಗಳಕ್ಕೆ ಬಂದಿತ್ತು. ಆದುದರಿಂದ ನದೀತೀರದವರು ತೊಟ್ಟಿಯನ್ನು ಮಳೆಗಾಲದಲ್ಲಿ ಮನೆಯೊಳಗೆ, ಎತ್ತರದಲ್ಲಿ ಇಡುವುದು ಲೇಸು.

ಹೆಚ್ಚಿದ ಮರಿಗಳನ್ನು ಗೆಳೆಯರಿಗೆ ಕೊಡಬಹುದು. ಗಂಡು-ಹೆಣ್ಣುಗಳನ್ನು ಬೇರ್ಪಡಿಸಲೂಬಹುದು, ಗಂಡಿನ ಗುದರೆಕ್ಕೆ ಕಡ್ಡಿಯಂತೆ ಚೂಪಾಗಿರುವುದರಿಂದ ಗುರುತಿಸುವುದು ಕಷ್ಟವಲ್ಲ. ಆದರೆ ಹೆಣ್ಣು ಗಪ್ಪಿಯು ಗಂಡಿನ ವೀರ್ಯವನ್ನು ತಿಂಗಳುಗಟ್ಟಲೆ ಒಡಲಿನಲ್ಲಿ ಕಾಯ್ದಿಟ್ಟುಕೊಳ್ಳುತ್ತದೆ. ಬೇರ್ಪಡಿಸಿದ ಮೇಲೆಯೂ ಅದು ಹಲವು ಸಲ ಈಯಬಹುದೆಂಬುದು ನೆನಪಿರಲಿ.